ಇಟಾಲಿಕ್ ಸ್ಲ್ಯಾಬ್ ಸೆರಿಫ್ ಬಳಸಿದವರು ಅನುಭವ ಹೇಳಿ

ಪಂಪು, ಮೋಟಾರು ತಯಾರಿಸುವವರಿಗೆ ಲೋಗೋ, ಕ್ಯಾಟಲಾಗ್ ಮಾಡುತ್ತಿದ್ದೇನೆ. ಗೆರೆಗಳ ತುದಿಗೆ ದಪ್ಪ ಚೌಕ ಪಾದ (ಸ್ಲ್ಯಾಬ್ ಸೆರಿಫ್) ಇರುವ, ಬಲಕ್ಕೆ ವಾಲಿದ (ಇಟಾಲಿಕ್), ಕಾರ್ಖಾನೆ ಕಳೆಯ ಇಂಗ್ಲಿಷ್ ಫಾಂಟ್ ಕೇಳುತ್ತಿದ್ದಾರೆ. ಯಾವುದು ಒಳ್ಳೆಯದು?

ನೇಮ್‌ಪ್ಲೇಟ್ ಕೆಲಸದವನು: ಫಾಂಟ್ ಫೈಲಿನಲ್ಲಿ ನಿಜವಾದ ಇಟಾಲಿಕ್, ಅಂದರೆ ವಾಲುವಂತೆಯೇ ಬರೆದ ಅಕ್ಷರ, ಇದೆಯಾ ಅಂತ ಮೊದಲು ನೋಡಿ. ನನಗೆ ಒಬ್ಬ ಗಿರಾಕಿ ನೆಟ್ಟಗಿನ ಅಕ್ಷರವನ್ನೇ ಸಾಫ್ಟ್‌ವೇರಿನಲ್ಲಿ ವಾಲಿಸಿ ಕಳಿಸಿದ್ದರು. ಪರದೆ ಮೇಲೆ ಚೆನ್ನಾಗೇ ಇತ್ತು. ಹಿತ್ತಾಳೆ ತಗಡಿನಲ್ಲಿ ಕೊರೆದು ಬಣ್ಣ ತುಂಬಿದ ಮೇಲೆ ಬಣ್ಣ ಬಯಲಾಯಿತು. ‘ಓ’ (O) ಅಕ್ಷರ ಮೇಲೆ ಬಲಕ್ಕೆ, ಕೆಳಗೆ ಎಡಕ್ಕೆ ಊದಿಕೊಂಡಿತ್ತು, ಉಳಿದ ಎರಡು ಕಡೆ ಸಣಕಲು. ಸಣ್ಣ ‘ಇ’ (e) ಅಕ್ಷರದ ಹೊಟ್ಟೆ ಪೂರ್ತಿ ಮುಚ್ಚಿಹೋಗಿತ್ತು. ಇಡೀ ಕಂತೆ ಗುಜರಿಗೆ. ತಗಡು ನನ್ನದು, ಸವೆದ ಕಟ್ಟರ್ ನನ್ನದು, ಮತ್ತೆ ಕೊರೆದ ರಾತ್ರಿ ಪಾಳಿಯ ಕೂಲಿಯೂ ನನ್ನದೇ. ಅವರದು ಒಂದೇ ಮಾತು: ‘ನಮ್ಮ ಕಡೆ ಸರಿಯಾಗಿದೆ.’

ಪತ್ರಿಕೆ ಪುಟ ಕಟ್ಟುವವಳು: ನೇಮ್‌ಪ್ಲೇಟಿನ ಲೆಕ್ಕ ಕ್ಯಾಟಲಾಗಿಗೆ ಬರಲ್ಲ. 1934ರ ರಾಕ್‌ವೆಲ್ ಅನ್ನೋ ಸ್ಲ್ಯಾಬ್ ಫಾಂಟ್ ದೊಡ್ಡ ತಲೆಬರಹಕ್ಕೆ ಭರ್ಜರಿ. ಆದರೆ ನಮ್ಮ ಸಂಪಾದಕರು ಚಿತ್ರದ ಅಡಿಬರಹಕ್ಕೂ ಅದರ ಇಟಾಲಿಕ್ಕೇ ಬೇಕು ಅಂದರು. ಸಣ್ಣ ಗಾತ್ರದಲ್ಲಿ ‘ಐ’ (i), ‘ಎಲ್’ (l) ಸೆರಿಫ್‌ಗಳು ಅಂಟಿಕೊಂಡು ಸಾಲು ಪೂರಾ ಮುಳ್ಳುಬೇಲಿ. ಜಗಳ ಆಡಿ ಸೆಸಿಲಿಯಾ ಅನ್ನೋ ಸ್ಲ್ಯಾಬ್ ಫಾಂಟಿಗೆ ಬದಲಾಯಿಸಿದೆ. 1990ರಲ್ಲಿ ಬಂದ, ಫಾಂಟ್ ವಿನ್ಯಾಸಕ ನೂರ್ಡ್‌ಜೈ ಮಾಡಿದ್ದು, ಇ-ಪುಸ್ತಕ ಓದುವ ಕಿಂಡಲ್‌ನಲ್ಲೂ ಬಂತು. ಅದರ ಇಟಾಲಿಕ್‌ನಲ್ಲಿ ಪೆನ್ನಿನ ಓಟ ಇದೆ. ಇವತ್ತಿಗೂ ಆ ಪುಟ ನೋಡಿದರೆ ಖುಷಿ.

ಜೆರ್ಸಿ, ಲಾರಿ ಬರಹ: ಪೆನ್ನಿನ ಓಟ ಪಂಪಿಗೆ ಯಾಕೆ? ವೇಗ, ತೂಕ ಎರಡೂ ಬೇಕು ಅಂದರೆ ದಪ್ಪ ಸ್ಲ್ಯಾಬನ್ನು ವಾಲಿಸಲೇಬೇಕು. ನಾನು ವಾಲಿಸಿ, ಒಂದೊಂದು ತಿರುವನ್ನೂ ಕೈಯಾರೆ ತಿದ್ದುತ್ತೇನೆ. ನಿಜವಾದ ತಲೆನೋವು ಲೈಸೆನ್ಸ್. ಡೆಸ್ಕ್‌ಟಾಪಿಗೆ ಒಂದು, ವೆಬ್‌ಸೈಟಿಗೆ ಇನ್ನೊಂದು, ಆಪ್‌ಗೆ ಮತ್ತೊಂದು. ಇಟಾಲಿಕ್ ಫೈಲ್ ಬೇರೆ, ಪ್ರತಿ ದಪ್ಪಕ್ಕೂ ಬೇರೆ. ಗಿರಾಕಿ ಇಟಾಲಿಕ್ ಫೈಲ್ ಕೊಳ್ಳಲಿಲ್ಲ, ಬ್ರೌಸರ್ ತಾನೇ ವಾಲಿಸಿ ತೋರಿಸಿತು. ಹಾಗೆ ತಾನೇ ವಾಲಿಸುವುದನ್ನು ತಡೆಯಲು ವೆಬ್‌ಪುಟದ ಫಾಂಟ್-ಸಿಂಥೆಸಿಸ್ ಸೆಟ್ಟಿಂಗ್ ಆಫ್ ಮಾಡಿಸುವಷ್ಟರಲ್ಲಿ ಸಾಕುಬೇಕಾಯ್ತು.

ನೇಮ್‌ಪ್ಲೇಟ್ ಕೆಲಸದವನು: ತಿದ್ದಿದ ಮೇಲೆ ಅದು ಸುಮ್ನೆ ವಾಲಿಸಿದ್ದಲ್ಲ ಅಲ್ವಾ? ನಾನು ಹೇಳಿದ್ದೂ ಅದೇ. ಓದಿ ಉತ್ತರ ಬರೆಯಿರಿ.

ಜೆರ್ಸಿ, ಲಾರಿ ಬರಹ: ಓದಿದ್ದೇನೆ. ‘ನಿಜವಾದ ಇಟಾಲಿಕ್’ ಅಂದಿರಿ. ರಾಕ್‌ವೆಲ್ ಇಟಾಲಿಕ್ಕೂ ನೆಟ್ಟಗಿನ ಆಕಾರಗಳನ್ನು ವಾಲಿಸಿಯೇ ಮಾಡಿದ್ದು. ಅದು ಸುಳ್ಳಾ?

ಹಳೆ ಟೈಪಿಸ್ಟ್: ಎಲ್ಲರೂ ಕೊರಿಯರ್ ಫಾಂಟ್ ಮರೆತಿದ್ದೀರಿ. 1955ರಲ್ಲಿ ಹೊವಾರ್ಡ್ ಕೆಟ್ಲರ್ ಐಬಿಎಂ ಟೈಪ್‌ರೈಟರಿಗೆ ಮಾಡಿದ್ದು. ಐಬಿಎಂ ಲೋಗೋ ಕೂಡ ಅದೇ ಜಾತಿ.

ಪತ್ರಿಕೆ ಪುಟ ಕಟ್ಟುವವಳು: ಸ್ಲ್ಯಾಬ್ ಅನ್ನೋದು ಬಿಟ್ಟರೆ ಎರಡಕ್ಕೂ ಸಂಬಂಧ ಇಲ್ಲ. ಐಬಿಎಂ ಲೋಗೋದ ಮೂಲ ಸಿಟಿ ಅನ್ನೋ ಫಾಂಟ್. ಗೆಯಾರ್ಗ್ ಟ್ರಂಪ್ ಮಾಡಿದ್ದು, 1930ರದ್ದು. ಕೊರಿಯರ್ ಗೆರೆ ಎಳೆ ಎಳೆ, ಸಿಟಿ ಮೂಲೆಮೂಲೆಗೂ ಚೌಕ.

ಹಳೆ ಟೈಪಿಸ್ಟ್: ಆ ಎಳೆ ಗೆರೆಯೇ ಕಾರ್ಬನ್ ಪ್ರತಿಯಲ್ಲೂ ಓದಲು ಬರುತ್ತಿತ್ತು ತಾಯಿ. ನಿಮ್ಮ ಚೌಕದಲ್ಲಿ ಒಂದು ಪುಟ ಪತ್ರ ಹೊಡೆದು ತೋರಿಸಿ.