ಅಪ್‌ಡೇಟ್: ಪದ್ಮಿನಿಯ ಎಂಜಿನ್ ವೈರಿಂಗ್ ಹೊಸದಾಗಿ ಕಟ್ಟಿದ್ದಾಯಿತು

ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ಎಂಜಿನ್ ವೈರಿಂಗ್ ಒಣಗಿ ಉದುರುತ್ತಿದೆ, ತೇಪೆ ಹಾಕಲೋ ಪೂರ್ತಿ ಹೊಸದು ಕಟ್ಟಲೋ ಎಂದು ಕೇಳಿದ್ದೆ. ಹೊಸದೇ ಕಟ್ಟಿ ಎಂದ ಪುಣೆಯ ಅಣ್ಣಂದಿರಿಗೆ ದೊಡ್ಡ ನಮಸ್ಕಾರ.

ಹಳೆಯ ವೈರ್ ಕಟ್ಟನ್ನು ಕತ್ತರಿಸದೆ ಬಿಚ್ಚಿ ಪ್ಲೈವುಡ್ ಮೇಲೆ ಹರವಿ, ಕವಲಿಗೊಂದು ಮೊಳೆ ಹೊಡೆದು, ಅದೇ ಅಳತೆಗೆ ಹೊಸ ವೈರ್ ಎಳೆದೆ. ಎಂಜಿನ್ ಅಲುಗುವ ಕಡೆ ಮಾತ್ರ 5 ಸೆಂ.ಮೀ. ಹೆಚ್ಚು. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ 6 ಚದರ ಮಿ.ಮೀ., ಸ್ಟಾರ್ಟರ್ ಸೊಲೆನಾಯ್ಡ್‌ಗೆ 2.5, ಇಗ್ನಿಷನ್ ಕಾಯಿಲ್‌ಗೆ 1.5, ಆಯಿಲ್ ಪ್ರೆಶರ್ ಸ್ವಿಚ್‌ಗೆ 0.75. ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠೆಯಲ್ಲಿ ಕೊಳ್ಳುವಾಗ 105 ಡಿಗ್ರಿ ಬಿಸಿ ತಡೆಯುವ ಆಟೋ ಕೇಬಲ್ ಎಂದೇ ಕೇಳಿ. ಮನೆ ವೈರಿಂಗಿನ ಸಾಮಾನ್ಯ ತಂತಿಯ ಹೊದಿಕೆ 70 ಡಿಗ್ರಿಗಷ್ಟೇ, ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಪಕ್ಕ ಗಟ್ಟಿಯಾಗಿ ಬಿರಿಯುತ್ತದೆ.

ಟರ್ಮಿನಲ್‌ಗಳಿಗೆ ಬೆಸುಗೆ ಹಾಕಲೇ ಇಲ್ಲ. ಸೀಸ ಎಳೆಗಳೊಳಗೆ ಹರಿದು ನಿಂತ ಜಾಗದಲ್ಲಿ ವೈರ್ ಕಡ್ಡಿಯಂತಾಗಿ, ಎಂಜಿನ್ ಕಂಪನಕ್ಕೆ ಅಲ್ಲೇ ತುಂಡಾಗುತ್ತದೆ. ಕ್ರಿಂಪ್ ಮಾಡಿ (ಟರ್ಮಿನಲನ್ನು ವೈರ್ ಮೇಲೆ ಒತ್ತಿ ಬಿಗಿದು) ಜೋರಾಗಿ ಎಳೆದು ನೋಡಿ, ಮಳೆಗಾಲಕ್ಕೆಂದು ಮೇಲೆ ಒಳಗೆ ಅಂಟಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಸೇರಿಸಿದ್ದೇನೆ. ಕಟ್ಟಿಗೆ ಸುತ್ತಲು ಬಟ್ಟೆ ಟೇಪೇ ಒಳ್ಳೆಯದು. ಪಿವಿಸಿ ಟೇಪಿನ ಅಂಟು ಬಿಸಿಗೆ ಕರಗಿ ಒಸರುತ್ತದೆ.

ಇಷ್ಟಾದರೂ ಸ್ಟಾರ್ಟರ್ ಮಂದವಾಗೇ ತಿರುಗಿತು. ಕ್ರ್ಯಾಂಕ್ ಮಾಡುತ್ತಾ ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿ ಮೈನಸ್ ನಡುವೆ ಮೀಟರ್ ಹಿಡಿದರೆ 0.8 ವೋಲ್ಟ್, ಅಂದರೆ ಅರ್ತ್ ದಾರಿಯಲ್ಲೇ ಅಷ್ಟು ನಷ್ಟ! ಅರ್ತ್ ಪಟ್ಟಿಯ ಲಗ್ (ತುದಿಯ ಬಳೆ) ಕೆಳಗೆ ಬಾಡಿಯ ಪೇಂಟ್ ಹಾಗೇ ಇತ್ತು. ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದ ಮೇಲೆ 0.2.