ಸಹಾಯ ಬೇಕು: ಟಾಹೋದಲ್ಲಿ ಕಯಾಕ್‌ನಿಂದ ಕೊಕಾನಿ ಮೀನು ಹಿಡಿಯಲು ಗಾಳದ ಆಳ ಕೂರುತ್ತಿಲ್ಲ

ಕ್ಯಾಲಿಫೋರ್ನಿಯಾ, ನೆವಾಡಾ ಕಡೆ ಕಯಾಕ್‌ನಲ್ಲಿ ಗಾಳ ಹಾಕುವ ಕನ್ನಡಿಗರು ದಯವಿಟ್ಟು ನೋಡಿ.

ಟಾಹೋ 501 ಮೀಟರ್ ಆಳದ ಸರೋವರ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದಂತೆ ಕೊಕಾನಿ ಸಾಲ್ಮನ್ ತಣ್ಣನೆಯ ಪದರಕ್ಕೆ ಇಳಿಯುತ್ತದೆ. ಫಿಶ್‌ಫೈಂಡರ್‌ನಲ್ಲಿ (ಮೀನು ತೋರಿಸುವ ಸೋನಾರ್ ಪರದೆ) ಹಿಂಡು 26 ಮೀಟರ್‌ನಲ್ಲಿ ಕಾಣುತ್ತದೆ, ಗಾಳ ಮಾತ್ರ ಅಲ್ಲಿ ನಿಲ್ಲುತ್ತಿಲ್ಲ.

ಸಲಕರಣೆ: ಕೈಯಲ್ಲಿ ಸುತ್ತುವ ಡೌನ್‌ರಿಗ್ಗರ್ (ತಂತಿಗೆ ಭಾರದ ಗುಂಡು ಕಟ್ಟಿ ಗಾಳವನ್ನು ಆಳಕ್ಕೆ ಇಳಿಸುವ ರಾಟೆ), 4 ಪೌಂಡ್ ಗುಂಡು, ಗಾಳದ ದಾರವನ್ನು ತಂತಿಗೆ ಹಿಡಿಸುವ ಕ್ಲಿಪ್‌ನಿಂದ ಹಿಂದಕ್ಕೆ 8 ಮೀಟರ್ ದಾರ, 4 ಇಂಚಿನ ಡಾಡ್ಜರ್ (ಓಲಾಡುತ್ತಾ ಮೀನನ್ನು ಸೆಳೆಯುವ ಲೋಹದ ತಗಡು), ಅದರಿಂದ ಕೊಕ್ಕೆಯವರೆಗೆ 10 ಇಂಚು ಲೀಡರ್ ದಾರ, ಗುಲಾಬಿ ಹೂಚಿ (ಸ್ಕ್ವಿಡ್ ಆಕಾರದ ಮೆತ್ತನೆಯ ಹುಸಿ ಎರೆ), ಕೊಕ್ಕೆಗೆ ಬಿಳಿ ಮೆಕ್ಕೆಜೋಳದ ಒಂದು ಕಾಳು. ವೇಗ ಗಂಟೆಗೆ 2 ಕಿ.ಮೀ. ತೀರಾ ಜೋರಾಗಿ ಹೋದರೆ ಡಾಡ್ಜರ್ ಓಲಾಡುವ ಬದಲು ಗಿರಗಿರ ತಿರುಗಿ ದಾರವನ್ನು ತಿರುಚಿಹಾಕುತ್ತದೆ.

ತಂತಿ 30 ಡಿಗ್ರಿ ವಾಲಿದರೆ, 30 ಮೀಟರ್ ಬಿಟ್ಟಾಗ ಗುಂಡು 26 ಮೀಟರ್‌ನಲ್ಲಿರಬೇಕು. ಲೆಕ್ಕ ಸರಿ. ಆದರೆ ಆಗ ಅದು 15 ಮೀಟರ್ ಹಿಂದಿರುತ್ತದೆ. 20 ಡಿಗ್ರಿ ಸೋನಾರ್ ಕೋನ್ (ಶಬ್ದದ ಅಲೆ ಹರಡುವ ಶಂಕು) ಆ ಆಳದಲ್ಲಿ ನೇರ ಕೆಳಗಿನಿಂದ ಸುತ್ತ ಸುಮಾರು 4.6 ಮೀಟರ್ ಅಷ್ಟೇ ನೋಡುತ್ತದೆ, ಹಾಗಾಗಿ ಗುಂಡು ಪರದೆಗೆ ಬರುವುದೇ ಇಲ್ಲ. ಗಾಳಿ ಬೀಸಿದರೆ ತಂತಿಯ ಕೋನವೂ ಬದಲಾಗುತ್ತದೆ.

6 ಪೌಂಡ್ ಗುಂಡು ಹಾಕಿದರೆ ವಾಲುವಿಕೆ ಎಷ್ಟು ಇಳಿಯುತ್ತದೆ? ಉಕ್ಕಿನ ತಂತಿ ತೆಗೆದು ಹೆಣೆದ ದಾರ ಹಾಕಿದವರಿದ್ದೀರಾ? ಮುಖ್ಯವಾದದ್ದು: ಗುಂಡು ತಳದ ಬಂಡೆಗೆ ಸಿಕ್ಕಿ ಕಯಾಕ್ ಅಡ್ಡ ತಿರುಗಿದಾಗ ತಕ್ಷಣ ಬಿಡಿಸಿಕೊಳ್ಳಲು ಏನು ಕಟ್ಟಿಕೊಂಡಿದ್ದೀರಿ? ನೀರು ಬಹಳ ತಣ್ಣಗಿರುತ್ತದೆ, ಲೈಫ್ ಜಾಕೆಟ್ ಮತ್ತು ಚಾಕು ಮೈಮೇಲೇ ಇರುತ್ತವೆ. ಡೌನ್‌ರಿಗ್ಗರ್ ಎಲ್ಲಿ ಕೂರಿಸಿದ್ದೀರಿ ಎಂಬ ಫೋಟೋ ಹಾಕಿದರೆ ದೊಡ್ಡ ಉಪಕಾರ.