ಎಂಎಸ್‌ಡಬ್ಲ್ಯೂ ಮಾಡಲಾ, ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಮಾಡಲಾ?

ಶಹಾಪುರದಾಕೆ: ಬಿಎಸ್‌ಡಬ್ಲ್ಯೂ (ಸೋಷಿಯಲ್ ವರ್ಕ್ ಪದವಿ) ಮುಗಿಸಿ ಮೂರು ವರ್ಷ ಆಯಿತು. ಯಾದಗಿರಿ ಜಿಲ್ಲೆಯಲ್ಲೇ ಒಂದು ಸಂಸ್ಥೆಯಲ್ಲಿದ್ದೇನೆ, ಗುಳೆ ಹೋಗುವವರ ಮಕ್ಕಳನ್ನು ಶಾಲೆಗೆ ಸೇರಿಸುವ ಕೆಲಸ. ಸಂಬಳ ಹೇಳಿದರೆ ನಗುತ್ತೀರಿ. ಮುಂದೆ ಸರ್ಕಾರಿ ಕಡೆ ಹೋಗಬೇಕು ಅಂತ ಆಸೆ. ಅದರಲ್ಲೇ ಸ್ನಾತಕೋತ್ತರ, ಎಂಎಸ್‌ಡಬ್ಲ್ಯೂ ಮಾಡಲಾ (ಗುಲಬರ್ಗಾ ವಿವಿ ಇಲ್ಲವೇ ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿ), ಕೆಲಸ ಮಾಡುತ್ತಲೇ ದೂರಶಿಕ್ಷಣದ ಇಗ್ನೋದಲ್ಲಿ ಎಂಎ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಕಟ್ಟಲಾ, ಗದಗದ ಗ್ರಾಮೀಣಾಭಿವೃದ್ಧಿ ವಿವಿಗೆ ಹೋಗಲಾ? ಓದಿದವರು ಹೇಳಿ.

ತೊಗರಿ ನಾಡು: ಪಬ್ಲಿಕ್ ಅಡ್ಮಿನಿಸ್ಟ್ರೇಷನ್. ಯೋಚನೆನೇ ಬೇಡ. ಯುಪಿಎಸ್‌ಸಿ ಐಚ್ಛಿಕ ವಿಷಯಗಳ ಪಟ್ಟಿ ನೋಡಿ, ಅದರಲ್ಲಿ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಇದೆ, ಸೋಷಿಯಾಲಜಿ ಇದೆ, ಸೋಷಿಯಲ್ ವರ್ಕ್ ಇಲ್ಲ. ಸಮಾಜ ಸೇವೆ ಮಾಡೋಕೆ ಡಿಗ್ರಿ ಯಾಕ್ರೀ ಬೇಕು, ಮನಸ್ಸಿದ್ದರೆ ಸಾಕು.

ಆಳಂದ ರಸ್ತೆ: ಯುಪಿಎಸ್‌ಸಿ ಪಟ್ಟಿಯಂತೆ! ತಂಗಿ ಐಎಎಸ್ ಆಗೋದು ಹೇಗೆ ಅಂತ ಕೇಳಿದರಾ? 2015ರ ಬಾಲನ್ಯಾಯ ಕಾಯ್ದೆ ತೆಗೆದು ನೋಡಿ. ಮಕ್ಕಳ ಕಲ್ಯಾಣ ಸಮಿತಿ ಸದಸ್ಯರಾಗೋಕೆ ಯಾವ ಡಿಗ್ರಿ ಇರಬೇಕು ಅಂತ ಬರೆದಿದೆ, ಅದರಲ್ಲಿ ಸಮಾಜ ಕಾರ್ಯ ಇದೆ. ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಎಲ್ಲಿದೆ ತೋರಿಸಿ.

ತೊಗರಿ ನಾಡು: ಅದೇ ಸಾಲಿನಲ್ಲಿ ಕಾನೂನು, ಸಮಾಜಶಾಸ್ತ್ರ, ಶಿಕ್ಷಣ ಎಲ್ಲಾ ಇದೆ ಅಣ್ಣಾ. ಏಳು ವರ್ಷ ಮಕ್ಕಳ ಕ್ಷೇತ್ರದಲ್ಲಿ ಕೆಲಸ ಮಾಡಿರಬೇಕು, ಇಲ್ಲವೇ ಆ ವೃತ್ತಿಯಲ್ಲೇ ಇರಬೇಕು ಅನ್ನೋದೂ ಇದೆ. ಅರ್ಧ ಸಾಲು ಓದಿ ಬರಬೇಡಿ.

ಬೀದರ್ ಕೋಟೆ: ಏಳು ವರ್ಷದ ಮಾತು ಆಮೇಲೆ. ಮೊದಲು "ಸಮಾಜ ಸೇವೆ" ಅನ್ನೋದನ್ನು ಬಿಡಿ. ಅದು ಸಮಾಜ ಕಾರ್ಯ. ನಾನು ಎಂಎಸ್‌ಡಬ್ಲ್ಯೂ ಮಾಡಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಹಣ್ಣು, ಬ್ರೆಡ್ ಹಂಚಿ ಫೋಟೋ ತೆಗೆಸಿಕೊಳ್ಳೋದು ಸೇವೆ. ನಮ್ಮದು ಓದಿ ಕಲಿತ ವೃತ್ತಿ.

ತೊಗರಿ ನಾಡು: ಅಕ್ಕಾ, ಹೆಸರಿನಲ್ಲಿ ಏನಿದೆ. ಊರಲ್ಲಿ ಎಲ್ಲರೂ ಸಮಾಜ ಸೇವೆ ಅಂತಾನೇ ಅನ್ನೋದು.

ಬೀದರ್ ಕೋಟೆ: ಅಲ್ಲೇ ಇರೋದು ಎಲ್ಲಾ. ಸೇವೆ ಅಂದ ತಕ್ಷಣ ಸಂಬಳ ಕೇಳಬಾರದು ಅನ್ನೋ ಲೆಕ್ಕ ಶುರು. ನಾನು ಮೊದಲು ಸೇರಿದ ಕಡೆ ಮೂರು ತಿಂಗಳು ಸಂಬಳ ಆಗಿರಲಿಲ್ಲ. ಕೇಳಿದರೆ "ಮೇಡಂ, ಇದು ಸೇವಾ ಕ್ಷೇತ್ರ" ಅಂದರು. ಮನೆ ಮಾಲೀಕರಿಗೆ ಹಾಗಂತ ಹೇಳಿದರೆ ಬಾಡಿಗೆ ಬಿಡ್ತಾರಾ? ಆಶಾ, ಅಂಗನವಾಡಿಯವರಿಗೆ ಕೊಡೋದಕ್ಕೆ ಗೌರವಧನ ಅಂತಾರೆ. ಗೌರವ ಜಾಸ್ತಿ, ಧನ ಕಮ್ಮಿ.

ನಿವೃತ್ತ ಮೇಷ್ಟ್ರು: ಸೇವೆ ಎಂಬ ಮಾತನ್ನು ಹೀಗೆ ಹಗುರ ಮಾಡಬೇಡಮ್ಮ. ನೀನು ಬೀದರ್ ಜಿಲ್ಲೆಯವಳು, ಬಸವಕಲ್ಯಾಣ ನಿಮ್ಮಲ್ಲೇ ಇದೆ. ಕಾಯಕದ ಜೊತೆಗೆ ದಾಸೋಹವನ್ನೂ ಶರಣರು ಹೇಳಿದರು. ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹಕ್ಕೆ ಯಾರ ಡಿಗ್ರಿ ಬೇಕಾಗಿತ್ತು?

ಬೀದರ್ ಕೋಟೆ: ಸರ್, ಕಾಯಕ ಅಂದರೆ ಕೆಲಸ. ನಾನು ಹೇಳ್ತಿರೋದೂ ಅದನ್ನೇ.

ನಿವೃತ್ತ ಮೇಷ್ಟ್ರು: ಕೆಲಸ ಎಂದರೆ ಬರೀ ಸಂಬಳವಲ್ಲ. ಆಯ್ದಕ್ಕಿ ಲಕ್ಕಮ್ಮ ಏನು ಮಾಡಿದಳು? ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರೆ, ಹೋಗಿ ಅಲ್ಲೇ ಸುರಿದು ಬಾ ಎಂದಳು.

ಬೀದರ್ ಕೋಟೆ: ಹೆಚ್ಚಿನ ಅಕ್ಕಿ ಸರ್, ಹೆಚ್ಚಿನದು. ನಮಗೆ ಆ ದಿನದ ಅಕ್ಕಿಯೇ ಬಂದಿರಲಿಲ್ಲ. ಬರದೇ ಇದ್ದದ್ದನ್ನು ಎಲ್ಲಿಗೆ ಸುರಿಯಲಿ?

ತೊಗರಿ ನಾಡು: 😂 ಇದಕ್ಕೆ ಮೇಷ್ಟ್ರ ಉತ್ತರ ಬರಲಿ.

ನಿವೃತ್ತ ಮೇಷ್ಟ್ರು: ನಗುವ ವಿಷಯವಲ್ಲ ಇದು. ಈಗಿನವರಿಗೆ ತ್ಯಾಗ ಎಂದರೆ ತಮಾಷೆ.

ಬೀದರ್ ಕೋಟೆ: ತ್ಯಾಗದ ಮಾತು ಪಿಂಚಣಿ ಬರುವವರ ಬಾಯಲ್ಲಿ ಚೆನ್ನಾಗಿರುತ್ತೆ ಸರ್.

ಆಳಂದ ರಸ್ತೆ: ಅಕ್ಕಾ, ಹಿರಿಯರು, ಪಿಂಚಣಿ ಎತ್ತಬಾರದಿತ್ತು. ಆದರೆ ವಿಷಯ ಸರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಯಾರು ಅಂತ ಸ್ಪಷ್ಟವಾಗಿ ಬರೆದಿದೆ. ಸೋಷಿಯಲ್ ವರ್ಕ್‌ನಲ್ಲಿ ಸ್ನಾತಕೋತ್ತರ ಪದವಿ ಇರಲೇಬೇಕು. ಮನಸ್ಸಿದ್ದರೆ ಸಾಕು ಅಂತ ಎಲ್ಲೂ ಇಲ್ಲ.

ತೊಗರಿ ನಾಡು: ಮತ್ತೆ ಅರ್ಧ ಸಾಲು. ಅದರ ಮೇಲೆ ಎರಡು ವರ್ಷದ ಎಂ.ಫಿಲ್. ಬೇಕು ಅಂತಲೂ ಇದೆ. ಅದನ್ನು ನುಂಗಿದ್ದು ಯಾಕೆ?

ಆಳಂದ ರಸ್ತೆ: ನುಂಗಿಲ್ಲ. ಎಂಎಸ್‌ಡಬ್ಲ್ಯೂ ಇಲ್ಲದೆ ಆ ಎಂ.ಫಿಲ್. ಬಾಗಿಲೇ ತೆರೆಯಲ್ಲ ಅಂತ ಹೇಳ್ತಿದ್ದೇನೆ.

ಮಾಜಿ ಪಿಡಿಒ: ಎಲ್ಲರೂ ಸ್ವಲ್ಪ ಸುಮ್ಮನಿರಿ. ತಂಗೀ, ಪಿಡಿಒ ಹುದ್ದೆಗೆ ಯಾವ ಡಿಗ್ರಿ ಆದರೂ ನಡೆಯುತ್ತೆ, ಕೆಎಎಸ್‌ಗೂ ಅಷ್ಟೇ. ಎಂಎಸ್‌ಡಬ್ಲ್ಯೂ, ಎಂಎ ಅಂತ ಯಾರೂ ಕೇಳಲ್ಲ. ಮೊದಲು ಉಪವಿಭಾಗಾಧಿಕಾರಿ ಕಚೇರಿಯಿಂದ 371ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಪ್ರಮಾಣಪತ್ರ ಮಾಡಿಸಿಕೊಂಡು ಇಟ್ಟುಕೋ. ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಸ್ಥಳೀಯರಿಗೆ 80% ಮೀಸಲು, ಇಲ್ಲಿನ ಕಾಲೇಜು ಸೀಟಿನಲ್ಲಿ 70%. ಅರ್ಜಿ ಹಾಕುವ ಕೊನೆಯ ದಿನ ಆ ಕಚೇರಿ ಮುಂದೆ ಸಾಲಿನಲ್ಲಿ ನಿಂತು ಅಳುವವರನ್ನು ನಾನು ಬಹಳ ನೋಡಿದ್ದೇನೆ.

ಬೀದರ್ ಕೋಟೆ: "ಯಾರೂ ಕೇಳಲ್ಲ" ಅಂದಿರಲ್ಲ ಸರ್, ಅದೇ ನಿಮ್ಮ ಪಂಚಾಯಿತಿಗಳ ಸಮಸ್ಯೆ. ಗ್ರಾಮಸಭೆ ಅಂತ ಹತ್ತು ಜನರ ಹೆಬ್ಬೆಟ್ಟು ಒತ್ತಿಸಿ ರಿಜಿಸ್ಟರ್ ಮುಚ್ಚೋದು. ಎಂಎಸ್‌ಡಬ್ಲ್ಯೂನಲ್ಲಿ ಫೀಲ್ಡ್‌ವರ್ಕ್ ಮಾಡಿ ಬಂದವರು ಹಾಗೆ ಮಾಡಲ್ಲ.

ಮಾಜಿ ಪಿಡಿಒ: ಹದಿನಾಲ್ಕು ವರ್ಷ ಹಳ್ಳಿ ಸುತ್ತಿದ್ದೇನೆ ತಾಯಿ. ನಿಮ್ಮ ಫೀಲ್ಡ್‌ವರ್ಕ್ ವಾರಕ್ಕೆ ಎರಡು ದಿನ. ವಿದ್ಯಾರ್ಥಿಗಳು ಡೈರಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳೋಕೆ ನಮ್ಮ ಕಚೇರಿಗೇ ಬರ್ತಿದ್ದರು. ಕೆಲವರು ಮೂರು ವಾರದ್ದು ಒಂದೇ ದಿನ ತಂದಿದ್ದರು.

ಬೀದರ್ ಕೋಟೆ: ಮತ್ತೆ ಸಹಿ ಹಾಕಿದವರು ಯಾರು ಸರ್?

ಶಹಾಪುರದಾಕೆ: ನಾನೊಂದು ಹೇಳಲಾ? ಹೋದ ವಾರ ಬೆಂಗಳೂರಿನ ಕಟ್ಟಡ ಕೆಲಸದಿಂದ ವಾಪಸ್ ಬಂದ ಮನೆಯ ಹುಡುಗಿಯನ್ನು ಶಾಲೆಗೆ ಕರೆದುಕೊಂಡು ಹೋಗಿದ್ದೆ. ಟಿಸಿ ಇಲ್ಲ, ಸೇರಿಸಿಕೊಳ್ಳಲ್ಲ ಅಂದರು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟೆ. ಟಿಸಿ ತಡ ಆಯಿತು ಅಂತ ಸರ್ಕಾರಿ ಶಾಲೆ ಪ್ರವೇಶ ನಿಲ್ಲಿಸುವಂತಿಲ್ಲ. ಅವರು ಎರಡು ಸಲ ಓದಿದರು, ಕನ್ನಡಕ ತೆಗೆದರು, ಆಮೇಲೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಹುಡುಗಿ ನನ್ನ ದುಪಟ್ಟಾ ಬಿಟ್ಟಿರಲಿಲ್ಲ. ಇದನ್ನು ಚೆನ್ನಾಗಿ ಮಾಡೋಕೆ ಯಾವುದನ್ನು ಓದಬೇಕು ಅಂತ ಕೇಳಿದ್ದು.

ತೊಗರಿ ನಾಡು: ನೋಡಿ, ಕಾಯ್ದೆ, ಸೆಕ್ಷನ್, ಇದೇ ಪಬ್ಲಿಕ್ ಅಡ್ಮಿನಿಸ್ಟ್ರೇಷನ್. ನಾನು ಮೊದಲೇ ಹೇಳಿದ್ದೆ.

ಬೀದರ್ ಕೋಟೆ: ದುಪಟ್ಟಾ ಹಿಡಿದ ಹುಡುಗಿ ಯಾವ ಪೇಪರ್‌ನಲ್ಲಿ ಬರ್ತಾಳೆ ನಿಮ್ಮ ಅಡ್ಮಿನಿಸ್ಟ್ರೇಷನ್‌ನಲ್ಲಿ?

ನಿವೃತ್ತ ಮೇಷ್ಟ್ರು: ನೀನು ಮಾಡಿದ್ದೇ ನಿಜವಾದ ಸೇವೆ ಮಗಳೇ.

ಬೀದರ್ ಕೋಟೆ: ಕಾರ್ಯ.

ಆಳಂದ ರಸ್ತೆ: ತಂಗೀ, ಕಡಗಂಚಿಗೆ ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಅರ್ಜಿ ದಿನಾಂಕ ಬಿಡಬೇಡ. ಇಗ್ನೋದಲ್ಲಿ ಎಂಎಸ್‌ಡಬ್ಲ್ಯೂ ಕೂಡ ಇದೆ, ಆದರೆ ಫೀಲ್ಡ್‌ವರ್ಕ್ ಅಲ್ಲೂ ತಪ್ಪಲ್ಲ, ಪಾಠ ಇಂಗ್ಲಿಷ್, ಹಿಂದಿಯಲ್ಲಿ. ಗದಗ 371ಜೆ ಪ್ರದೇಶದ ಹೊರಗೆ, ಅದನ್ನೂ ನೋಡಿಕೋ.

ಶಹಾಪುರದಾಕೆ: ಅಷ್ಟು ಸಾಕು ಅಣ್ಣಾ. ಪ್ರಮಾಣಪತ್ರ ಮಾಡಿಸಿಲ್ಲ, ಸೋಮವಾರ ಹೋಗ್ತೇನೆ. ಕಲಬುರಗಿಯಿಂದ ಕಡಗಂಚಿಗೆ ಬೆಳಿಗ್ಗೆ ಮೊದಲ ಬಸ್ ಎಷ್ಟಕ್ಕೆ?

ತೊಗರಿ ನಾಡು: ಶಕ್ತಿ ಯೋಜನೆ ಇದೆ, ನಿಮಗೆ ಟಿಕೆಟ್ ಫ್ರೀ. ಇದಕ್ಕೂ ಸೇವೆ ಅನ್ನಬಾರದಾ ಅಕ್ಕಾ?

ಬೀದರ್ ಕೋಟೆ: ಆ ಹುಡುಗಿ ಬಸ್ ಟೈಮ್ ಕೇಳಿದ್ದು. ಗೊತ್ತಿದ್ದರೆ ಹೇಳಿ.